ಬೆಳಕಿಂಡಿ ಬಿಸಿಲಿನಾಗ ಅಮ್ಮಿ ಸಾಮಾನು

ನಾ ಹೇಳೋದನ್ನ ನೀವು ನಂಬಂಗಿಲ್ಲ. ನಂಬಬ್ಯಾಡ್ರಿ. ಮಸ್ಕ್ಯಾಗ, ಸಿಂಧನೂರಾಗ, ಲಿಂಗಸುಗೂರಾಗ ನನ್ನ ಮಾತು ನಂಬಿ ಚೊಲೋ ಆದವರು ಒಬ್ಬರೂ ಇಲ್ಲ, ನೀವು ಹೊಸದಾಗಿ ಯಾಕ ಶುರು ಮಾಡ್ತೀರಿ? ಆದ್ರ ತಾಕತ್ತಿದ್ರ ಕೊನೀತನಕ ಓದ್ರಿ, ಆಮ್ಯಾಲ ಎದ್ದು ನಿಂತು ‘ಇದು ಸುಳ್ಳ’ ಅನ್ರಿ ನೋಡೋಣ. ಮೊನ್ನೆ ಲಿಂಗಸುಗೂರಾಗ ಕಾಯಿಪಲ್ಲೆ ಅಂಗಡಿ ಸಾಲು ದಾಟಿ ಬರಾಕತ್ತಿದ್ದೆ. ಒಬ್ಬ ಹುಡುಗ ಕಬ್ಬಿಣದ ಗೇಟಿಗೆ ಬಣ್ಣ ಹಚ್ಚಾಕತ್ತಿದ್ದ. ಅವನ ಬಾಜೂಕ ಯಾರೋ ಕೊಳೆತ ಬದನೇಕಾಯಿ ಗುಂಪಿ ಸುರುವಿ ಹೋಗಿದ್ರು. ಟರ್ಪಂಟೈನ್ ವಾಸನಿ, ಕೊಳೆತ ಬದನೇಕಾಯಿ ವಾಸನಿ, ಎರಡೂ ಕೂಡಿ ಬಂದು ಮೂಗಿಗೆ ಬಡಿದ್ವು ನೋಡ್ರಿ, ನನ್ನ ಕಾಲು ಅಲ್ಲೇ ನಿಂತುಬಿಟ್ವು. ಮಂದಿ ಮೂಗು ಮುಚ್ಕೊಂಡು ದಾಟಾಕತ್ತಿದ್ರು. ನಾ ಒಬ್ಬ ಮುದುಕ, ಹುಚ್ಚರಂಗ ಮೂಗು ಅಗಲ ಮಾಡಿ ನಿಂತು ಆ ನಾತ ಎಳಕೊಂಡೆ. ಮಂದಿಗೆ ಅದು ನಾತ ಇರಬೇಕು. ನನಗ ಅದು ನಮ್ಮ ಮನಿ ಪಡಸಾಲಿ.

ನಮ್ಮ ಮನಿ ಮಸ್ಕ್ಯಾಗ ಬೆಟ್ಟದ ಕಡಿಗೆ ಹೋಗೋ ಓಣ್ಯಾಗ ಇತ್ತು. ಮಣ್ಣಿನ ಮಾಳಿಗಿ, ಮಳಿಗಾಲದಾಗ ಮ್ಯಾಲ ಹುಲ್ಲು ಬೆಳೀತಿತ್ತು. ಪಡಸಾಲಿ ನಡುವ, ಮಾಳಿಗ್ಯಾಗ, ಒಂದು ಬೆಳಕಿಂಡಿ. ಹೊತ್ತು ಏರಿದಂಗ ಅದರಾಗಿಂದ ಬಿಸಿಲು ಕೋಲಿನಂಗ ಇಳೀತಿತ್ತು. ಮೊದಲು ಪಡುವಲ ಗ್ವಾಡಿ ಮ್ಯಾಲ ಅಂಟಿ ನಿಲ್ಲೋದು, ಮಧ್ಯಾಹ್ನಕ್ಕ ನೆಲಕ್ಕ ಇಳಿದು ಸಗಣಿ ಸಾರಿಸಿದ ನೆಲ ಮೂಸೋದು, ಸಂಜಿಮುಂದ ಮೂಡಲ ಗ್ವಾಡಿ ಹತ್ತಿ ಮಾಯ ಆಗೋದು. ಆ ಬಿಸಿಲು ನೋಡೇ ದಾದಿ ನಮಾಜಿನ ಹೊತ್ತು ಗೊತ್ತು ಮಾಡ್ತಿದ್ಲು, ಅಮ್ಮಿ ಒಲಿ ಹಚ್ಚತಿದ್ಲು. ದಾದಿ ಅಂದ್ರ ಅಬ್ಬಾನ ತಾಯಿ, ಮನಿಗೆ ಆಕೀನ ಸರಕಾರ. ಅಬ್ಬಾ ಹಟ್ಟಿ ಬಂಗಾರದ ಗಣ್ಯಾಗ ಪಾಳಿ ಕೆಲಸಕ್ಕ ಇದ್ದ, ರಜಾ ಸಿಕ್ಕಾಗ ಬರ್ತಿದ್ದ, ಬಂದು ಮಲಗತಿದ್ದ. ಅಂವ ಬಂದಾನ ಅಂಬೋದು ಗೊರಕಿ ಕೇಳಿದಾಗ ನನಗ ಗೊತ್ತಾಗ್ತಿತ್ತು. ತೊಟ್ಟಿಲದಾಗ ನನ್ನ ತಮ್ಮ. ಉಳಿದವ ಅಬ್ಬಾನ ತಮ್ಮ ಮೌಲಾ ಚಾಚಾ. ಲಗ್ನ ಆಗಿರಲಿಲ್ಲ. ಅಂವನ್ನ ಬಿಟ್ರ ಮಸ್ಕ್ಯಾಗ ಹೆಸರುವಾಸಿ ಅಂದ್ರ ನಾನ. ಅಂವ ಬರಿಯೋದಕ್ಕ, ನಾ ಕಿಡಿಗೇಡಿತನಕ್ಕ.

ಚಾಚಾ ಬೋರ್ಡ್ ಬರೀತಿದ್ದ, ಪಡಸಾಲಿ ತುಂಬ ಟರ್ಪಂಟೈನ್ ವಾಸನಿ. ಕನ್ನಡ, ಉರ್ದು, ಕ್ಯಾಂಪಿನ್ಯಾಗ ಬಂದು ನೆಲಿಸಿದ ಆಂಧ್ರದವರ ಅಕ್ಕಿ ಗಿರಣಿಗೆ ತೆಲುಗು. ಮೂರೂ ಅಕ್ಷರ ಅವನ ಕುಂಚದಾಗ ಬೆಣ್ಣಿ ಆಗ್ತಿದ್ವು. ಸಿಂಧನೂರಾಗ ಒಂದು ಫೋಟೋ ಸ್ಟುಡಿಯೋಕ್ಕ ಹಿಂದಿನ ಪರದೆನೂ ಅವನ ಬರೆದಿದ್ದ. ಕೊಳ, ಹಂಸ, ಮೆಟ್ಟಿಲ, ಅದರ ಮುಂದ ನಿಂತು ಗೊರೇಬಾಳದ ರೈತ್ರು ಸತ್ಯನಾರಾಯಣ ಪೂಜಿಗೆ ಕುಂತವರಂಗ ಮಕ ಬಿಗಿ ಹಿಡಿದು ಫೋಟೋ ತಗಸ್ಕೊತಿದ್ರು. ಆ ಸ್ಟುಡಿಯೋಕ್ಕ ಹೊಸಾ ಕ್ಯಾಮೆರಾ ಬಂದಾಗ ಹಳೇದು, ಕಟಗಿ ಪೆಟಗಿಯಂಥಾದ್ದು, ಮೂರು ಕಾಲಿಂದು, ಕರೇ ಬಟ್ಟಿ ಹೊದ್ದದ್ದು, ಯಾರಿಗೂ ಬ್ಯಾಡಾಗಿ ಮೂಲ್ಯಾಗ ಬಿದ್ದಿತ್ತು. ಚಾಚಾ ಅದನ್ನ ಬಸ್ಸಿನ ಮ್ಯಾಲ ಕಟ್ಟಿ ಮಸ್ಕಿಗೆ ತಂದ. ದಾದಿ ಹೊಸಲಿನ್ಯಾಗ ಅಡ್ಡ ನಿಂತಳು.

“ಮೌಲಾ, ಅದು ಮನಿಯೊಳಗ ಬರಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮನಿಯವರ ಸೂರತ್ ಅದರೊಳಗ ಹೋಗಬಾರದು. ಮಕ ಕೊಟ್ಟಾಂವ ಮ್ಯಾಲ ಅದಾನ. ಅವನ ಕೆಲಸದಾಗ ನೀ ಕೈ ಹಾಕಬ್ಯಾಡ.”

“ಮತ್ತ ನಾ ಯಾರ ಫೋಟೋ ತಗೀಲಿ, ಮಾ?”

“ಬದನೇಕಾಯಿದು ತಗಿ. ಅದು ಬ್ಯಾಡ ಅನ್ನಂಗಿಲ್ಲ.”

ದಾದಿ ಸಿಟ್ಟಿನಿಂದ ಅಂದದ್ದನ್ನ ಚಾಚಾ ಹುಕುಮ್ ಅಂತ ತಿಳ್ಕೊಂಡ. ಅವತ್ತಿಂದ ಶುರು ಆತು ನೋಡ್ರಿ, ನಮ್ಮ ಮನ್ಯಾಗ ಬದನೇಕಾಯಿ ಕೊಳೆಯೋದು. ಮಂದಿ ಫೋಟೋ ತಗಿಯಾಂವ ಗುಂಡಿ ಒತ್ತತಾನ, ಮುಗೀತು. ಚಾಚಾಗ ಹಂಗಲ್ಲ. ಅಂವ ಕ್ಯಾಮೆರಾ ಮುಟ್ಟೋದಕ್ಕಿಂತ ಮೊದಲು ವಾರಗಟ್ಟಲೆ ಬರೀ ಕಣ್ಣಿಲೆ ಕೆಲಸ ಮಾಡ್ತಿದ್ದ. ಸ್ಟೂಲ್ ಬೆಳಕಿಂಡಿ ಬಿಸಿಲು ಬೀಳೋ ಗ್ವಾಡಿಗೆ ಹತ್ತಿಸಿ ಇಡೋದು. ಅದರ ಮ್ಯಾಲ ಒಂದು ತಂಬಿಗಿ, ಎರಡು ಬದನೇಕಾಯಿ, ಒಂದು ಉಳ್ಳಾಗಡ್ಡಿ. ಒಂದೊಂದರ ಬುಡಕ್ಕ ಸುತ್ತ ಸೀಮಿಸುಣ್ಣದ ಗೆರಿ. ಯಾರಾರ ಮುಟ್ಟಿದ್ರ ತಿರುಗಿ ಅಲ್ಲೇ ಇಡಾಕ. ತಂಬಿಗಿ ಭಾಳ ಮಿಂಚಿದ್ರ ಅದಕ್ಕ ಮಜ್ಜಿಗಿ ಸವರಿ ಮಂಕ ಮಾಡ್ತಿದ್ದ. ಬದನೇಕಾಯಿ ಮಂಕ ಆದ್ರ ಬೆರಳ ತುದೀಲೆ ಒಂದು ಚಿಕ್ಕಿ ಎಣ್ಣಿ ಇಟ್ಟು ಬೆಳಕು ಹುಟ್ಟಸ್ತಿದ್ದ. ಬಿಸಿಲು ಕಡಕ್ ಆದ್ರ ಬೆಳಕಿಂಡಿಗೆ ದಾದಿ ಹಳೇ ಓಢಣಿ ಕಟ್ಟಿ ಅದನ್ನ ಹಾಲಿನಂಗ ಸೋಸ್ತಿದ್ದ. ಇಷ್ಟಾದ್ರೂ ಬಿಸಿಲು ನಿಲ್ಲಬೇಕಲ್ಲ? ಅದು ಗ್ವಾಡಿ ಹಿಡಿದು ನಡಕೋತ ಹೋಗೋದು, ನೆಳ್ಳು ಅದರ ಹಿಂದ ಜಾರೋದು. ಅದಕ್ಕೂ ಅಂವ ಹಾದಿ ಹುಡುಕಿದ್ದ. ದೀಪದ ಕಾಡಿಗಿ ತಗದು, ಗೋಂದಿನಾಗ ಕಲಿಸಿ, ತನಗ ಬೇಕಾದ ಹೊತ್ತಿನಾಗ ನೆಳ್ಳು ಎಲ್ಲಿ ಬಿದ್ದಿತ್ತೋ ಅಲ್ಲಿ, ಸ್ಟೂಲಿನ ಮ್ಯಾಲ, ಗ್ವಾಡಿ ಮ್ಯಾಲ, ನೆಳ್ಳು ಬರೀತಿದ್ದ. ಖರೇ ನೆಳ್ಳಿನಂಗ, ಅಂಚು ಕರಗಿಸಿ. ಬಿಸಿಲು ಎಲ್ಲರ ಹೋಗಲಿ, ಚಾಚಾನ ನೆಳ್ಳು ಅಲ್ಲೇ ಕುಂತಿರೋದು. ಆಮ್ಯಾಲ ಒಂದು ದಿನ, ಬಿಸಿಲಿನ ಮರ್ಜಿ ನೋಡಿ, ಕರೇ ಬಟ್ಟ್ಯಾಗ ತಲಿ ತೂರಿಸಿ, ಮುಚ್ಚಳ ತಗದು, ಒಂದು ಬೀಡಿ ಸೇದೋತನಕ ಹಂಗ ಬಿಟ್ಟು ಮುಚ್ಚತಿದ್ದ. ಇದಕ್ಕ ಅಂವ ‘ಸುಮ್ಮನ ಕುಂತವರ ಫೋಟೋ’ ಅಂತಿದ್ದ.

ಈಗ ನನ್ನ ಪ್ರತಾಪ ಕೇಳ್ರಿ. ಕ್ಯಾಮೆರಾ ಮುಂದಿನ ಮಕ ಅಷ್ಟ ನೋಡ್ತೈತಿ, ಹಿಂದಿಂದು ಅದಕ ಗೊತ್ತಾಗಂಗಿಲ್ಲ ಅಂಬೋದು ಮಸ್ಕ್ಯಾಗ ಮೊದಲು ಕಂಡುಹಿಡಿದಾಂವ ನಾ. ಚಾಚಾ ಪ್ಯಾರಲ ಹಣ್ಣು ಇಟ್ಟಿದ್ರ ನಾ ಅದನ್ನ ಹಿಂದಿಂದ ತಿಂತಿದ್ದೆ. ಮುಂದ ನೋಡಿದ್ರ ಇಡೀ ಹಣ್ಣು, ಹಿಂದ ನೋಡಿದ್ರ ಅರ್ಧ ನನ್ನ ಹೊಟ್ಟ್ಯಾಗ. ಬಾಳೆಹಣ್ಣಿಂದು ಸಿಪ್ಪಿ ನಿಲ್ಲಿಸಿ ಒಳಗಿಂದು ಎಳಕೊಳ್ಳೋದು ಭಾಳ ನಾಜೂಕಿನ ಕೆಲಸ, ನೀವು ಯಾರೂ ಮಾಡಲಾರ್ರಿ. ಚಾಚಾನ ಎಷ್ಟೋ ಫೋಟೋದಾಗ ಕಾಣೋ ಹಣ್ಣು ಬರೀ ಮಕಮಕ ಅಷ್ಟ, ಬೆನ್ನ ಇಲ್ಲ. ಒಂದು ದಿನ ಅಂವ ಬಟ್ಟಿಯೊಳಗಿಂದ ತಲಿ ತಗದು ಸ್ಟೂಲ್ ಕಡಿಗೆ ಭಾಳ ಹೊತ್ತು ನೋಡಿದ.

“ಖಾಜ್ಯಾ, ಇಲ್ಲಿ ಬಾ ಬೇ. ಈ ಹಣ್ಣು ಹಗುರಾಗೈತಿ.”

“ಮುಟ್ಟಲಾರದ ಹೆಂಗ ಹೇಳ್ತಿ ಚಾಚಾ?”

“ಭಾರ ಇದ್ದದ್ದು ಕುಂತಿರತೈತಿ. ಇದು ನಿಂತೈತಿ.”

ನಾ ಏಟು ಬೀಳ್ತೈತಿ ಅಂತ ಕಿವಿ ಮುಚ್ಕೊಂಡೆ. ಅಂವ ಹಣ್ಣು ತಿರುವಿದ, ನನ್ನ ಹಲ್ಲಿನ ಗುರುತು ನೋಡಿದ, ತಿರುಗಿ ಅದರ ಗೆರಿಯೊಳಗ ಇಟ್ಟ. “ತಿಂದ್ರ ಅರ್ಧಕ್ಕ ಬಿಡಬ್ಯಾಡ,” ಅಂದ, “ಒಳಗ ಒಂದು ಕಲ್ಲು ತುಂಬು. ಕುಂದರಲಿ ಅದು.” ಇಂಥಾ ಮನಶ್ಯಾನ ಕೂಡ ಕಿಡಿಗೇಡಿತನ ಮಾಡಿ ಏನು ಸುಖ ಹೇಳ್ರಿ? ಅದಕ ದಾದಿ ಕಡಿಗೆ ತಿರುಗಿದೆ. ಒಂದು ಮಧ್ಯಾಹ್ನ ಸ್ಟೂಲಿನ ಮ್ಯಾಲಿಂದ ಬದನೇಕಾಯಿ ಎತ್ತಿ ಅಂಗಿಯೊಳಗ ಹಾಕ್ಕೊಂಡು, ನೆಳ್ಳು ಅಷ್ಟ ಬಿಟ್ಟು, ಒದರಿದೆ, “ದಾದೀ, ಓಡಿ ಬಾ! ಬದನೇಕಾಯಿ ಜಿನ್ ಒಯ್ತು, ನೆಳ್ಳು ಮರತು ಹೋಗೈತಿ!” ದಾದಿ ಬಂದು ನೋಡ್ತಾಳ, ಸ್ಟೂಲಿನ ಮ್ಯಾಲ ಏನೂ ಇಲ್ಲ, ಅದರ ನೆಳ್ಳು ಮಾತ್ರ ದಪ್ಪಗ ಕುಂತೈತಿ! ಬಾಯಾಗ ದುವಾ, ಕೈಯಾಗ ನೀರಿನ ಚೊಂಬು, ಇಡೀ ಪಡಸಾಲಿಗೆ ಚಿಮುಕಿಸಿದ್ಲು. ನೀರು ಬಿದ್ದು ನೆಳ್ಳು ಕರಗಿ ಕರ್‍ರಗ ಸೋರಾಕತ್ತಿದಾಗ ಗೊತ್ತಾತು ಆಕಿಗೆ. ಆಮ್ಯಾಲ ನನ್ನ ಬೆನ್ನ ಮ್ಯಾಲ ಆಕಿ ಬರೆದದ್ದು ನೀರಿಗೆ ಕರಗೋ ಅಂಥಾದ್ದಲ್ಲ. ಅಮ್ಮಿ ಒಲಿ ಮುಂದ ಕುಂತು ಸೆರಗು ಬಾಯಿಗೆ ಒತ್ತಿ ನಗಾಕತ್ತಿದ್ಲು, ಆಕಿ ಹೆಗಲು ಅಲುಗ್ಯಾಡೋದು ನನಗ ಹಿಂದಿಂದ ಕಾಣ್ತಿತ್ತು.

ಅಮ್ಮೀನ ಒಂದು ಸಲ ನಾ ಆ ಬೆಳಕಿಂಡಿ ಕೆಳಗ ಕುಂದ್ರಿಸೀನಿ. ಚಾಚಾ ತಂಬಿಗಿ ತೊಳಿಯಾಕ ಹೊರಗ ಹೋಗಿದ್ದ, ಸ್ಟೂಲ್ ಖಾಲಿ ಇತ್ತು, ಕ್ಯಾಮೆರಾ ಮುಚ್ಚಳ ಹಾಕ್ಕೊಂಡು ನಿಂತಿತ್ತು. ಆಕಿ ಹಿಟ್ಟು ಕಲಸಾಕತ್ತಾಕಿ ಹಂಗ ಎದ್ದು ಬಂದ್ಲು, ಕೈ ತುಂಬ ಜ್ವಾಳದ ಹಿಟ್ಟು, ಹಿಟ್ಟು ಕಲಸೋ ಅಗಲ ಪರಾತ ತೊಡಿ ಮ್ಯಾಲ ಇಟ್ಕೊಂಡು ಸ್ಟೂಲಿನ ಮ್ಯಾಲ ಕುಂತಳು. ಬಿಸಿಲು ಆಕಿ ಹೆಗಲಿನ ಮ್ಯಾಲ ಬಿತ್ತು, ಹಿಟ್ಟಿನ ಧೂಳು ಅದರಾಗ ಮ್ಯಾಲ ಏರಾಕತ್ತಿತ್ತು. ಒಳಗ ದಾದಿ ಕೆಮ್ಮಿದ್ಲು. ಅಮ್ಮಿ ಚಟ್ಟನ ಎದ್ದು, ನಕ್ಕೋತ ಅಂದ್ಲು, “ನನಗೆಲ್ಲಿ ಪುರಸೊತ್ತೈತಿ ಬೇ? ನನ್ನ ಬದಲಿ ನನ್ನ ಪರಾತ ಕುಂದ್ರಸ್ರಿ. ನನಗಿಂತ ಚೊಲೋ ಸುಮ್ಮನ ಕುಂದರತೈತಿ ಅದು.” ಅಷ್ಟಂದು ಒಲಿ ಕಡಿಗೆ ಹೋದ್ಲು. ಕ್ಯಾಮೆರಾದಾಗ ಚಿತ್ರ ಮೂಡೋ ಗಾಜಿನ ಪ್ಲೇಟ್ ಇರಲಿಲ್ಲ. ಇದ್ರೂ ನನಗ ಮುಚ್ಚಳ ತಗಿಯಾಕ ಬರ್ತಿರಲಿಲ್ಲ.

ಆ ವರ್ಷ ಮಳಿಗಾಲಕ್ಕ ಮುಂಚೆ ಅಮ್ಮಿಗೆ ಜ್ವರ ಬಂತು. ಹಿಟ್ಟು ಕಲಸೋದು ಅರ್ಧಕ್ಕ ಬಿಟ್ಟು ಎದ್ದು ಹೋಗಿ ಮಲಗಿದಾಕಿ ತಿರುಗಿ ಒಲಿ ಕಡಿಗೆ ಬರಲಿಲ್ಲ. ಮಣ್ಣು ಕೊಟ್ಟು ಬಂದ ದಿನ ಅಬ್ಬಾ ಪಡಸಾಲಿ ಕಂಬಕ್ಕ ಆತು ಕುಂತು ಒಂದ ಮಾತು ಕೇಳಿದ, “ಮೌಲಾ, ಆಕೀದು ಎಲ್ಲೆರ ಒಂದು ಫೋಟೋ ತಗದಿಯೇನು?” ಚಾಚಾ ಇಲ್ಲ ಅಂತ ತಲಿ ಅಲ್ಲಾಡಿಸಿದ. ದಾದಿ ನೆಲ ನೋಡ್ಕೋತ ಕುಂತಳು. ಯಾರೂ ಆಕಿಗೆ ಏನೂ ಅನಲಿಲ್ಲ. ಅನದ ಇದ್ದದ್ದ ಆಕಿಗೆ ಹೆಚ್ಚು ಬಡೀತು ಅಂತ ಈಗ ಅನಸ್ತೈತಿ. ಅಬ್ಬಾ ಪಾಳಿಗೆ ಹಟ್ಟಿಗೆ ಹೋದ. ನಮ್ಮಲ್ಲಿ ನಲವತ್ತನೇ ದಿನದ ಫಾತೆಹಾ ಆದ್ರ ಹೋದವರ ಸಾಮಾನು ಮನ್ಯಾಗ ಇಟ್ಕೊಳ್ಳಂಗಿಲ್ಲ, ಬಡವರಿಗೆ ಕೊಟ್ಟುಬಿಡ್ತಾರ. ಅಮ್ಮಿದು ಹೆಚ್ಚೇನಿತ್ತು? ಆ ಹಿತ್ತಾಳಿ ಪರಾತ, ಅದರ ಅಂಚಿಗೆ ಕಡೀ ಸಲ ಕಲಸಿದ ಹಿಟ್ಟು ಒಣಗಿ, ಅದರಾಗ ಆಕಿ ಬೆರಳು ಒತ್ತಿದ ಗುರುತು ಹಂಗ ಉಳಿದಿದ್ವು. ಯಾರೂ ತೊಳೀಬಾರದು ಅಂತ ಚಾಚಾ ಅದನ್ನ ಮೊದಲ ದಿನಾನ ಮುಚ್ಚಿಟ್ಟಿದ್ದ. ಒಂದು ಕಟಗಿ ಹಣಗಿ, ಹಲ್ಲಿನಾಗ ಆಕಿ ಕೂದಲು. ಒಂದು ಜೋಡು ಚಪ್ಪಲಿ, ಬಲಗಾಲಿಂದು ಹಿಮ್ಮಡಿ ಒಂದ ಕಡಿಗೆ ಸವೆದದ್ದು. ಚಾಚಾ ದಾದಿ ಮುಂದ ಕುಂತು ಕೇಳಿದ.

“ಮಾ, ಸಾಮಾನು ಹೋಗೋದಕ್ಕಿಂತ ಮೊದಲು ಒಂದ ಫೋಟೋ ತಗೀತೀನಿ. ಸೂರತ್ ಅಲ್ಲ. ಭಾಬಿ ಸಾಮಾನಿಂದು.”

ದಾದಿ ಬ್ಯಾಡ ಅನಲಿಲ್ಲ, ಎದ್ದು ಒಳಗ ಹೋದ್ಲು.

ಚಾಚಾ ಕೆಲಸಕ್ಕ ಕುಂತ. ಬೋರ್ಡ್ ಬರಿಯೋದು ಬಿಟ್ಟ, ಮಂದಿ ಬಂದು ಬಾಗಲದಾಗ ಬೈದು ಹೋದ್ರು. ಮೊದಲು ಎಲ್ಲಾ ಸಾಮಾನು ಸ್ಟೂಲಿನ ಮ್ಯಾಲ ಇಟ್ಟ. ದಾದಿ ಒಳಗಿಂದ ನೋಡಿ ತಡಿಯಲಾರದ, “ಚಪ್ಪಲಿ ಪರಾತದ ಬಾಜೂಕ ಇಡ್ತಾರೇನಲೇ? ಹಿಟ್ಟಿನ ಬಾಜೂಕ ಕೂದಲಾ? ಆಕಿ ಇದ್ದಿದ್ರ ನಿನ್ನ ಕೈ ಮುರೀತಿದ್ಲು,” ಅಂದ್ಲು. ಖರೇನ ಅದು. ಚಾಚಾ ಚಪ್ಪಲಿ ನೆಲದ ಮ್ಯಾಲ ಇಳಿಸಿದ, ಸ್ಟೂಲಿನ ಮುಂದ. ಹಣಗಿ ಮ್ಯಾಲಕ್ಕ ಒಯ್ದು ಗ್ವಾಡಿ ಮೊಳಿಗೆ ಸಿಗಿಸಿದ. ಪರಾತ ಸ್ಟೂಲಿನ ಮ್ಯಾಲ ಉಳೀತು, ವಾರಿ ಮಾಡಿ ಗ್ವಾಡಿಗೆ ಆನಿಸಿದ. ಆಮ್ಯಾಲ ದಿನಾ ಒಂದೀಟು ಸರಸೋದು, ಹಿಂದಕ್ಕ ಬಂದು ನೋಡೋದು, ಮತ್ತ ಸರಸೋದು. ಚಪ್ಪಲಿ ಒಂದು ಹೆಚ್ಚು ಮುಂದ, ಒಂದು ಚೂರು ತಿರುವಿ. ಗೆರಿ ಅಳಸೋದು, ಹೊಸಾ ಗೆರಿ ಹೊಡಿಯೋದು. ಕಾಡಿಗಿ ಕಲಿಸಿ ಗ್ವಾಡಿ ಮ್ಯಾಲ ನೆಳ್ಳು ಬರಿಯಾಕ ಶುರು ಮಾಡಿದ. ನಾ ಹಿಂದ ಅವನ ಮೂರ್ಕಾಲಿಗೆ ಆತು ನಿಂತಿದ್ದೆ. ಒಂದು ಮುಂಜಾನಿ ನನಗ ಫಕ್ಕನ ಕಾಣ್ತು. ಕೆಳಗ ಕಾಲು ಇರೋ ಕಡಿಗೆ ಚಪ್ಪಲಿ, ತೊಡಿ ಇರೋ ಕಡಿಗೆ ಪರಾತ, ತಲಿ ಇರೋ ಕಡಿಗೆ ಹಣಗಿ. ಮೂರರ ನೆಳ್ಳು ಗ್ವಾಡಿ ಮ್ಯಾಲ ಕೂಡಿದಲ್ಲಿ ಒಬ್ಬ ಹೆಣ್ಮಗಳು ಕುಂತಿದ್ಲು, ಒಂದೀಟು ಬಾಗಿ, ಹಿಟ್ಟು ಕಲಸೋರಂಗ. ನಾ ಒದರಲಿಲ್ಲ. ನನ್ನಂಥಾ ಬಾಯಿಬಡಕ ಒದರಲಿಲ್ಲ ಅಂದ್ರ ನೀವ ತಿಳ್ಕೊಳ್ರಿ.

ಆದ್ರ ಬಿಸಿಲಿಗೆ ನಮ್ಮ ಮನಿ ಸಂಕಟ ಹೆಂಗ ತಿಳೀಬೇಕು? ಮಾಡ ಹಾಕ್ತು. ದಿನಾ ಬೆಳಕಿಂಡ್ಯಾಗ ಬೂದಿ ಬಣ್ಣ. “ನೆಳ್ಳು ನಾ ಬರದೀನಿ, ಬೆಳಕು ಎಲ್ಲಿಂದ ಬರೀಲಿ?” ಅಂತ ಚಾಚಾ ಮಾಳಿಗಿ ಮ್ಯಾಲ ಹತ್ತಿ ಆಕಾಶ ನೋಡ್ಕೋತ ಕುಂದರತಿದ್ದ. ಫಾತೆಹಾ ದಿನ ಬಂದೇ ಬಿಡ್ತು. ಆವತ್ತು ಮುಂಜಾನಿ ಮಾಡ ಹರಿಯೋ ಲಕ್ಷಣ ಕಂಡ್ವು. ಪೆಟಗ್ಯಾಗ ನೋಡಿದ್ರ ಪ್ಲೇಟ್‌ಗೆ ತೇವ ಹತ್ತಿ ಹಾಳಾಗಿದ್ವು. ಚಾಚಾ ಸಿಂಧನೂರಿಗೆ ಬಸ್ ಹಿಡಿದ. “ಮಧ್ಯಾಹ್ನದ ಒಳಗ ಬರ್ತೀನಿ. ಸಾಮಾನು ಆಮ್ಯಾಲ ಕೊಡ್ರಿ,” ಅಂತ ದಾದಿಗೆ ಹೇಳಿ ಹೋದ. ದಾದಿ ಒಳಗ ಬಾಗಲ ಹಾಕ್ಕೊಂಡು ಕುರಾನ್ ಓದಾಕ ಕುಂತಳು, ಮುಗಿಯೋತನಕ ಆಕಿ ಏಳಂಗಿಲ್ಲ.

ಅಬ್ಬಾನ ಅಕ್ಕ ಫುಪ್ಪಿ ಸಿಂಧನೂರಿಂದ ಅದ ಹೊತ್ತಿಗೆ ಬಂದ್ಲು. ಚಾಚಾನ ಬಸ್ ಆ ಕಡಿಗೆ, ಆಕಿ ಬಸ್ ಈ ಕಡಿಗೆ. ಫುಪ್ಪಿ ಭಾಳ ಸ್ವಚ್ಛದಾಕಿ. ಆಕಿ ಮನ್ಯಾಗ ಕಸಬರಿಗಿನೂ ತೊಳೆದು ಒಣಗಸ್ತಿದ್ಲು. ಬಂದಾಕಿ ಅತ್ತು ಕರದು ಮಾಡಿ, ಕಣ್ಣು ಒರಸ್ಕೊಂಡು, ಸೆರಗು ಸೊಂಟಕ್ಕ ಸಿಗಿಸಿದ್ಲು. ಕೊಡೋ ಸಾಮಾನು ಎಲ್ಲಿ ಅಂತ ಹುಡುಕಿದ್ಲು. ಪರಾತ ಕಂಡ್ಲು.

“ಅಯ್ಯ, ಹಿಟ್ಟು ಹಿಡಿದು ಹಂಗ ಬಿಟ್ಟಾರಲ್ಲ! ನಮ್ಮ ಮನಿ ಸೊಸಿ ಸಾಮಾನು ಹೊಲಸು ಹೋದ್ವು ಅಂತ ನಾಳೆ ಮಂದಿ ಅನಬೇಕೇನು?”

“ಫುಪ್ಪೀ, ಮುಟ್ಟಬ್ಯಾಡ! ಅದು ಅಮ್ಮಿ! ಅಮ್ಮಿ ಕುಂತಾಳ ಅಲ್ಲಿ! ಚಾಚಾ ಬರಲಿ!” ಅಂತ ನಾ ಅಡ್ಡ ಬಿದ್ದೆ.

ಫುಪ್ಪಿ ನನ್ನ ಮಕ ನೋಡಿದ್ಲು. “ಹೋದಸಲ ಬದನೇಕಾಯಿ ಜಿನ್ ಒಯ್ದಿತ್ತು, ಈಗ ಪರಾತದಾಗ ಅಮ್ಮಿ ಬಂದ್ಲೇನು? ತಾಯಿ ಹೋದ್ರೂ ಹುಡುಗಾಟ ಬಿಡವಲ್ಲಿ ಖಾಜ್ಯಾ ನೀ,” ಅಂತ ಕಣ್ಣೀರು ತಗದು ನನ್ನನ್ನ ಬಾಜೂಕ ಸರಿಸಿದ್ಲು. ಸಿಟ್ಟಿಲೆ ಅಲ್ಲ, ಮರುಕದಿಂದ. ನಾ ಚೀರಿದೆ, ಉಳ್ಳಾಡಿದೆ. ನೆರಿಮನಿಯವರು ಬಂದು “ನಾಟಕ ಮಾಡಾಕತ್ತಾನ ಬಿಡ್ರಿ,” ಅಂತ ನನ್ನ ಎತ್ತಿ ಹೊರಗಿನ ಕಟ್ಟಿ ಮ್ಯಾಲ ಕುಂದ್ರಿಸಿದ್ರು. ಕಟ್ಟಿ ಮ್ಯಾಲಿಂದ ನನಗ ಕೇಳ್ತಿತ್ತು, ಅಂಗಳದಾಗ ಬೂದಿ ಹಾಕಿ ತಿಕ್ಕೋ ಸಪ್ಪಳ, ಕೊರ್‍ ಕೊರ್‍ ಅಂತ. ಇವತ್ತಿಗೂ ಯಾರಾರ ಪರಾತ ತಿಕ್ಕಿದ್ರ ನಾ ಎದ್ದು ಹೊರಗ ಹೋಗ್ತೀನಿ. ಆಕಿ ಹಣಗಿ ಕೂದಲು ತಗದು ಒಲಿಗೆ ಹಾಕಿದ್ಲು, ಚಪ್ಪಲಿ ಒರೆಸಿ ಎಣ್ಣಿ ಹಚ್ಚಿದ್ಲು, ಎಲ್ಲಾ ಒಂದು ಅರಿವ್ಯಾಗ ಕಟ್ಟಿ ಬಾಗಲಕ್ಕ ಬಂದ ಒಬ್ಬ ಬಡ ಹೆಣ್ಮಗಳಿಗೆ ಕೊಟ್ಲು. ಆ ಹೆಣ್ಮಗಳು ಪರಾತ ತಲಿ ಮ್ಯಾಲ ಇಟ್ಕೊಂಡು ಓಣಿ ದಾಟಿದ್ಲು. ಅದು ಹೊಸದರಂಗ ಥಳಥಳ ಹೊಳಿಯಾಕತ್ತಿತ್ತು. ಯಾಕಂದ್ರ ಬಿಸಿಲು ಬಿದ್ದಿತ್ತು. ಆ ಹಾಳ ಬಿಸಿಲು, ಅಷ್ಟು ದಿನ ಬಾರದ್ದು, ಅವಾಗ ಬಂದಿತ್ತು.

ಚಾಚಾ ಪ್ಲೇಟಿನ ಡಬ್ಬಿ ಎದಿಗೆ ಅವಚ್ಕೊಂಡು ಓಣ್ಯಾಗ ಓಡಿ ಬಂದ. ಪಡಸಾಲಿಗೆ ಬಂದು ನಿಂತಾಂವ ನಿಂತ. ಖಾಲಿ ಸ್ಟೂಲ್. ಅದರ ಮ್ಯಾಲ ಪರಾತದ ದುಂಡನ ಗೆರಿ, ನೆಲದಾಗ ಚಪ್ಪಲಿ ಆಕಾರದ ಎರಡು ಗೆರಿ. ಫುಪ್ಪಿಗೆ ಏನೋ ತಪ್ಪಾಗೈತಿ ಅಂತ ಗೊತ್ತಾಗಿ ಬಾಯಿ ಮ್ಯಾಲ ಕೈ ಇಟ್ಕೊಂಡ್ಲು. “ಓಡಿ ಹೋಗಿ ಇಸಕೊಂಡು ಬರ್ತೀನಿ ಮೌಲಾ,” ಅಂದ್ಲು. ದಾದಿ ಒಳಗಿಂದ ಬಂದು ಬ್ಯಾಡ ಅಂದ್ಲು, “ಕೊಟ್ಟದ್ದು ತಿರುಗಿ ಕೇಳಬಾರದು. ತೊಳೆದದ್ದು ತಿರುಗಿ ಬರಂಗೂ ಇಲ್ಲ.” ನಾ ಚಾಚಾನ ಅಂಗಿ ಜಗ್ಗಿದೆ. “ಚಾಚಾ, ಅಡಗಿಮನ್ಯಾಗ ಇನ್ನೊಂದು ಪರಾತ ಐತಿ. ಹಿಟ್ಟು ಹಚ್ಚು. ಬೆರಳು ನೀ ಬರಿ. ನಿನಗ ಎಲ್ಲಾ ಬರಿಯಾಕ ಬರ್ತೈತಿ.”

ಅಂವ ನನ್ನ ತಲಿ ಮ್ಯಾಲ ಕೈ ಇಟ್ಟ. “ಬದನೇಕಾಯಿಗೆ ಬರೀತೀನಿ ಬೇಟಾ. ಭಾಬಿ ಬೆರಳು ನಾ ಬರೆದ್ರ ಅದು ನನ್ನ ಬೆರಳಾಗ್ತೈತಿ.”

ಅಷ್ಟರಾಗ ಬೆಳಕಿಂಡಿ ಬಿಸಿಲು ಗ್ವಾಡಿಗೆ ಬಂದು ತಾಕಿತ್ತು. ಸಾಮಾನು ಇರಲಿಲ್ಲ. ಬರೆದ ನೆಳ್ಳು ಇತ್ತು. ಸುಣ್ಣದ ಗ್ವಾಡಿ ಬೆಳ್ಳಗ ಉರಿಯಾಕತ್ತಿತ್ತು, ಅದರ ನಡುವ ಆಕಿ ಬಾಗಿ ಕುಂತಿದ್ಲು. ದಾದಿ ನೋಡಿದ್ಲು. ಗ್ವಾಡಿಗೆ ಹೊಲಸು ಬಳದಾನ ಅಂತ ದಿನಾ ಬೈತಿದ್ದಾಕಿಗೆ ಅವತ್ತು ಮೊದಲ ಸಲ ಅದು ಏನಂತ ಕಾಣ್ತು. ಕಂಬ ಹಿಡಿದು ಮೆಲ್ಲಕ ಕೆಳಗ ಕುಂತಳು.

“ಮೌಲಾ, ಇದರಾಗ ಮಕ ಇಲ್ಲಲ್ಲ?”

“ಇಲ್ಲ, ಮಾ.”

“ಹಂಗಾದ್ರ ತಗಿ. ಲಗೂ ತಗಿ.”

ಚಾಚಾ ಬಟ್ಟಿಯೊಳಗ ತಲಿ ಹಾಕಿದ. ಆವತ್ತು ಬೀಡಿ ಹಚ್ಚಲಿಲ್ಲ. ಮುಚ್ಚಳ ಕೈಯಾಗ ಹಿಡಿದು, ಬಿಸಿಲು ಗ್ವಾಡಿ ಬಿಟ್ಟು ಹೋಗೋತನಕ ಹಂಗ ನಿಂತಿದ್ದ.

ಆ ಫೋಟೋ ತೇಗಿನ ಫ್ರೇಮಿನಾಗ ನಮ್ಮ ಪಡಸಾಲ್ಯಾಗ ಇತ್ತು. ಅಬ್ಬಾ ರಜಾಕ್ಕ ಬಂದಾಗ ಅದರ ಕೆಳಗ ಕುಂತು ಚಾ ಕುಡೀತಿದ್ದ. ಬಂದ ಮಂದಿ “ತೇವ ಬಂದ ಗ್ವಾಡೀದು ಫೋಟೋ ಯಾಕ ಹಾಕ್ಸೀರಿ?” ಅಂತ ಕೇಳ್ತಿದ್ರು. ದಾದಿ ಇರೋತನಕ ಯಾವ ರಂಜಾನಕ್ಕೂ ಆ ಗ್ವಾಡಿಗೆ ಸುಣ್ಣ ಹಚ್ಚಾಕ ಬಿಡಲಿಲ್ಲ. ಚಾಚಾ ಆಮ್ಯಾಲ ಯಾವ ಫೋಟೋನೂ ತಗೀಲಿಲ್ಲ. ಕ್ಯಾಮೆರಾದ ಕರೇ ಬಟ್ಟಿ ನನ್ನ ತಮ್ಮನ ತೊಟ್ಟಿಲಕ್ಕ ಹೊದಿಕಿ ಆತು. ಬೋರ್ಡ್ ಬರಿಯೋದರಾಗ ಉಳಿದ ಆಯುಷ್ಯ ಕಳೆದ. ಕಡಿಗೆ ಫ್ಲೆಕ್ಸ್ ಬಂದು ಅದನ್ನೂ ಕಸಗೊಂಡ್ವು. ಸಿಂಧನೂರು ಬಜಾರ್‌ನ್ಯಾಗ ಅಂವ ಕೈಯಾರೆ ಬರೆದ ಬೋರ್ಡಿನ ಮ್ಯಾಲ ಪ್ಲಾಸ್ಟಿಕ್ಕಿನ ಮಕ ಬಡಿಯೋದನ್ನ ಅಂವ ಬೀದ್ಯಾಗ ನಿಂತು ನೋಡಿದ. ಬಡಿಯೋ ಹುಡುಗ “ಅಜ್ಜಾ, ಸರಿ ಅತ್ತಾಗ,” ಅಂದ. ಮಸ್ಕಿ ಮನಿ ಪಾಲಾಗಿ ಬಿತ್ತು. ಬೆಳಕಿಂಡಿ ಇದ್ದ ಜಾಗದಾಗ ಈಗ ಮೊಬೈಲ್ ಅಂಗಡಿ, ಹಗಲೊತ್ತಿನಾಗೂ ಲೈಟ್ ಉರೀತಾವ. ಫೋಟೋ ತಮ್ಮನ ಪಾಲಿಗೆ ಬಂತು. ನಾ ತಗೋಬೇಕಿತ್ತು ಅಂತ ನೀವು ಅಂತೀರಿ. ತಾಯಿ ನೆನಪ ಇಲ್ಲದಾಂವಗ ಅದು ಇರಲಿ ಅಂತ ನಾ ಬಿಟ್ಟೆ.

ಮೊನ್ನೆ ತಮ್ಮನ ಮಗ ಸಲೀಂ ಲಿಂಗಸುಗೂರಾಗ ಹೊಸಾ ಮನಿ ಕಟ್ಟಿದ. ನೌಕರಿ ಹುಡುಗ, ಚೊಲೋ ಹುಡುಗ, ಎಲ್ಲಾ ಟೈಲ್ಸ್. ಹಾಲಿಗೆ ಕರಕೊಂಡು ಹೋಗಿ, “ಬಡೇ ಅಬ್ಬಾ, ಇದು ಯಾರು ಹೇಳ್ರಿ?” ಅಂದ. ಗ್ವಾಡಿ ಮ್ಯಾಲ ಒಬ್ಬ ಹೆಣ್ಮಗಳು. ಗುಲಾಬಿ ಗಲ್ಲ, ತಲಿ ಮ್ಯಾಲ ಸೆರಗು, ಹಲ್ಲು ತೋರಿಸಿ ನಗಾಕತ್ತಿದ್ಲು. ಮೂಗು ನೋಡಿದೆ. ಎಡಕ್ಕ ಸೊಟ್ಟ. ಆ ಸೊಟ್ಟ ನಂದ, ಹುಟ್ಟಿನಿಂದ ಬಂದದ್ದಲ್ಲ, ಬೇವಿನ ಗಿಡದಿಂದ ಬಿದ್ದಾಗ ಬಂದದ್ದು.

“ನಿಮ್ಮ ಫೋಟೋ ಕೊಟ್ಟಿದ್ದೆ ರೀ,” ಅಂದ ಸಲೀಂ. “ಕಂಪ್ಯೂಟರ್‌ನ್ಯಾಗ ಮೀಸಿ ತಗದು, ವಯಸ್ಸು ಇಳಿಸಿ, ಹೆಣ್ಣು ಮಾಡಿಕೊಟ್ಟಾರ. ತಾಯಿ ಮಗ ಒಂದ ಹೋಲಿಕಿ ಅಲ್ಲೇನ್ರಿ?”

“ಹಳೇದು ಎಲ್ಲೈತಿ?”

“ಆ ಕರೇ ಕಲಿ ಬಿದ್ದ ಗ್ವಾಡೀದಾ? ಒಳಗಿಂದು ಹುಳ ಹಿಡಿದಿತ್ತು, ಅಂಗಡ್ಯಾಂವ ಹರದು ಒಗದ. ಫ್ರೇಮ್ ಗಟ್ಟಿ ಇತ್ತು, ಅದರಾಗ ಇದನ್ನ ಕುಂದ್ರಿಸೀವಿ.”

ನಾ ಬಾಯಿ ತಗದೆ. ಅಷ್ಟರಾಗ ನನ್ನ ತಮ್ಮ ಬಂದ. ಅಂವಗೂ ಈಗ ಕೂದಲು ಹಣ್ಣಾಗ್ಯಾವ. ಆ ಫೋಟೋ ಮುಂದ ನಿಂತು, ಗಾಜಿನ ಮ್ಯಾಲ ಅಂಗೈ ಇಟ್ಟು, ಕೂಸಿನಂಗ ಅಳಾಕತ್ತಿದ. “ಭಾಯೀ, ನಾ ಅಮ್ಮೀನ ನೋಡೇ ಇದ್ದಿಲ್ಲ. ಹಿಂಗ ಇದ್ಲೇನು ಆಕಿ?” ಅಂದ. ಜಲ್ಮಪೂರ್ತಿ ಊರ ಮಂದೀನ ಆಡಿಸಿದಾಂವ ನಾ. ನನ್ನ ತಮ್ಮ ನನ್ನ ಮೀಸಿಯಿಲ್ಲದ ಮೂತಿ ಮುಂದ ನಿಂತು ಅಮ್ಮೀ ಅಂತ ಅಳಾಕತ್ತಿದ್ದ, ನಾ ಅವನ ಬಾಜೂಕ ನಿಂತಿದ್ದೆ, ನಗು ಅಂದ್ರೂ ನಗು ಬರಲಿಲ್ಲ.

“ಹಿಂಗ ಇದ್ಲು,” ಅಂದೆ. “ಥೇಟ್ ಹಿಂಗ.”

ಆತು, ಈಗ ಅನ್ರಿ, ಯಾವದು ಸುಳ್ಳು? ಹಣ್ಣು ಹಿಂದಿಂದ ತಿಂದದ್ದು ಖರೇ. ನೆಳ್ಳು ಖರೇ, ಫುಪ್ಪಿ ಪರಾತ ತಿಕ್ಕಿದ್ದು ಖರೇ, ಆ ಗುಲಾಬಿ ಗಲ್ಲದ ಹೆಣ್ಣು ಬೇಕಾದ್ರ ಲಿಂಗಸುಗೂರಿಗೆ ಬರ್ರಿ, ತೋರಸ್ತೀನಿ. ಇಷ್ಟು ಬರದದ್ದರಾಗ ನಾ ಕಟ್ಟಿದ್ದು ಒಂದ ಒಂದು. ಬೆಳಕಿಂಡಿ ಕೆಳಗ ಕುಂತು ಎದ್ದ ಅಮ್ಮಿ ‘ನನ್ನ ಬದಲಿ ಪರಾತ ಕುಂದ್ರಸ್ರಿ’ ಅಂದ್ಲು ಅಂತ ಬರದೆನಲ್ಲ, ಅದು. ಆಕಿ ಕುಂತದ್ದು ಹೌದು, ಎದ್ದದ್ದು ಹೌದು, ನಕ್ಕೋತ ನನಗ ಏನೋ ಅಂದದ್ದೂ ಹೌದು. ತುಟಿ ಆಡಿದ್ದು ಇವತ್ತಿಗೂ ಕಣ್ಣಿಗೆ ಕಾಣ್ತೈತಿ. ಏನಂದ್ಲು ಅಂಬೋದು ನನಗ ಕೇಳಸವಲ್ಲದು.